ದಾರಿಯಲ್ಲಿ ಗಾಡಿ ಕೆಟ್ಟರೆ ಯಾರ ಕೈಗೆ ಕೊಡಬೇಕು?

ಪ್ರಶ್ನೆ: ಮುಂದಿನ ತಿಂಗಳು ನಾನು, ನಮ್ಮ ಭಾವ ಇಬ್ಬರೂ ಬೈಕಿನಲ್ಲಿ ಬೆಂಗಳೂರಿನಿಂದ ಹೊರಡುತ್ತಿದ್ದೇವೆ. ಹಾಸನ, ಸಕಲೇಶಪುರ, ಮೂಡಿಗೆರೆ, ಕಳಸ, ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿದು, ಗೋಕರ್ಣಕ್ಕೆ ಹೋಗಿ, ಶಿವಮೊಗ್ಗ-ಕಡೂರು ದಾರಿಯಲ್ಲಿ ವಾಪಸ್. ಒಟ್ಟು ಹತ್ತು ದಿನ. ನನ್ನದು 2014ರ ಬುಲೆಟ್, ಭಾವನದು 2021ರ ಬೈಕ್. ಎರಡಕ್ಕೂ ವಾರಂಟಿ ಮುಗಿದಿದೆ. ಹಿಂದೊಮ್ಮೆ ಹೆದ್ದಾರಿಯಲ್ಲಿ ಒಂದು ಪಂಚರ್‌ಗೆ ನಾಲ್ಕು ತೂತು ತೋರಿಸಿ ದುಡ್ಡು ತೆಗೆದುಕೊಂಡಿದ್ದರು. ಗೊತ್ತಿಲ್ಲದ ಊರಿನಲ್ಲಿ ನಂಬುವಂಥ ಮೆಕ್ಯಾನಿಕ್ ಹುಡುಕೋದು ಹೇಗೆ? ರಾತ್ರಿ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಹೋಗಬಹುದಾ?

ಉತ್ತರ: ನಾನು ಹಾಸನದಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ಮೊದಲ ಆರು ವರ್ಷ ಕಂಪನಿ ಸರ್ವೀಸ್ ಸೆಂಟರಿನಲ್ಲಿದ್ದೆ, ಆಮೇಲೆ ಸ್ವಂತ ಗ್ಯಾರೇಜು. ಬೆಂಗಳೂರು-ಮಂಗಳೂರು ಹೆದ್ದಾರಿ, ಅಂದರೆ ಈಗಿನ ರಾಷ್ಟ್ರೀಯ ಹೆದ್ದಾರಿ 75, ನಮ್ಮೂರ ಮೇಲೇ ಹೋಗುತ್ತದೆ. ಶನಿವಾರ ಭಾನುವಾರ ಬಂತೆಂದರೆ ದಾರಿಯಲ್ಲಿ ಕೆಟ್ಟ ಗಾಡಿಗಳು ಪಿಕಪ್ ಮೇಲೆ ಹತ್ತಿಕೊಂಡು ನಮ್ಮ ಬಾಗಿಲಿಗೆ ಬರುತ್ತವೆ. ಅವುಗಳಲ್ಲಿ ಎಷ್ಟೋ ಗಾಡಿಗಳು ಆಗಲೇ ಇನ್ನೊಬ್ಬರ ಕೈಗೆ ಸಿಕ್ಕಿ ಬಂದಿರುತ್ತವೆ. ಯಾವ ಕೆಲಸ ಎಲ್ಲಿ ತಪ್ಪಿತು ಅನ್ನೋದನ್ನ ಬಿಚ್ಚಿದಾಗ ನೋಡಿದ್ದೇನೆ. ಅದರಿಂದ ಕಲಿತದ್ದನ್ನೇ ಹೇಳುತ್ತೇನೆ.

ಮೊದಲು ನೋಡಬೇಕಾದದ್ದು ಒಂದೇ. ಆ ಗ್ಯಾರೇಜು ಯಾರ ದುಡ್ಡಿನಲ್ಲಿ ನಡೆಯುತ್ತಿದೆ? ಹೆದ್ದಾರಿ ಪಕ್ಕದ ಕೆಲವು ಅಂಗಡಿಗಳಿಗೆ ಬರುವ ಗಿರಾಕಿ ಮತ್ತೆ ಯಾವತ್ತೂ ಬರುವುದಿಲ್ಲ. ಕೆಲಸ ಕೆಟ್ಟರೂ ಆತ ಐವತ್ತು ಕಿಲೋಮೀಟರ್ ಮುಂದೆ ಹೋಗಿರುತ್ತಾನೆ, ಬಂದು ಜಗಳ ಆಡುವುದಿಲ್ಲ. ಊರೊಳಗಿನ ಗ್ಯಾರೇಜಿಗೆ ಹಾಗಲ್ಲ. ಅಲ್ಲಿಗೆ ಬರುವವರು ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಾಡುವವರು, ಶಾಲೆ ಮೇಷ್ಟ್ರು, ತೋಟದ ರೈಟರು. ಇವತ್ತು ಕ್ಲಚ್ ಕೇಬಲ್ ಸರಿಯಾಗಿ ಹಾಕದಿದ್ದರೆ ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಅದೇ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ. ಈ ನಾಳೆಯ ಹೆದರಿಕೆ ಇರುವ ಮೆಕ್ಯಾನಿಕ್ಕೇ ನಿಮಗೆ ಬೇಕಾದವನು. ಹೆದ್ದಾರಿ ಪಕ್ಕದವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ, ಅಲ್ಲೂ ತುಂಬಾ ಒಳ್ಳೆಯವರಿದ್ದಾರೆ. ಆದರೆ ಆಯ್ಕೆ ಇದ್ದಾಗ, ಗಾಡಿ ನಿಧಾನವಾಗಿ ಆದರೂ ಓಡುತ್ತಿದ್ದಾಗ, ಎರಡು ಕಿಲೋಮೀಟರ್ ಊರೊಳಗೆ ಹೋಗಿ.

ಯಾರನ್ನು ಕೇಳೋದು ಅಂತೀರಾ? ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಹತ್ತಿರದ್ದನ್ನು ತೋರಿಸುತ್ತಾರೆ, ಒಳ್ಳೆಯದನ್ನೇ ತೋರಿಸುತ್ತಾರೆ ಎಂದೇನಿಲ್ಲ. ಗೂಗಲ್ ಮ್ಯಾಪಿನ ನಕ್ಷತ್ರ ನೋಡಿ, ಬೇಡ ಅನ್ನಲ್ಲ. ಆದರೆ ಮೂಡಿಗೆರೆಯಲ್ಲೋ ಕಳಸದಲ್ಲೋ ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಎಷ್ಟೋ ಮಂದಿಗೆ ಬೋರ್ಡೇ ಇಲ್ಲ, ಮ್ಯಾಪಿನಲ್ಲಿ ಎಲ್ಲಿಂದ ಬರಬೇಕು? ನನ್ನನ್ನು ಕೇಳಿದರೆ, ಮಳೆ ಬಿಸಿಲು ನೋಡದೆ ದಿನಾ ಬೈಕ್ ಓಡಿಸಲೇಬೇಕಾದವರನ್ನು ಕೇಳಿ. ಕರೆಂಟಿನ ಲೈನ್‌ಮ್ಯಾನ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಸನ ಕಡೆ ಸೆಸ್ಕ್‌ನವರು, ಚಿಕ್ಕಮಗಳೂರು ಕಡೆ ಮೆಸ್ಕಾಂನವರು. ಜುಲೈ ಮಳೆಯಲ್ಲಿ ಮರ ಬಿದ್ದ ಕಡೆಗೆಲ್ಲ ಇವರು ಬೈಕಿನಲ್ಲೇ ಹೋಗಬೇಕು. ಪೋಸ್ಟ್‌ಮ್ಯಾನ್, ಪೇಪರ್ ಹಾಕುವವರು, ಎಕ್ಸೆಲ್ ಗಾಡಿಯಲ್ಲಿ ಗೊಬ್ಬರದ ಮೂಟೆ ಹೊತ್ತು ಹೋಗುವವರು ಇವರೂ ಆಗಬಹುದು. ಕೇಳುವಾಗ "ಇಲ್ಲಿ ಒಳ್ಳೆ ಮೆಕ್ಯಾನಿಕ್ ಯಾರಿದ್ದಾರೆ?" ಎಂದು ಕೇಳಬೇಡಿ. "ಅಣ್ಣಾ, ನಿಮ್ಮ ಗಾಡಿ ಎಲ್ಲಿ ಬಿಡ್ತೀರಾ?" ಎಂದು ಕೇಳಿ. ಮೊದಲನೆಯದಕ್ಕೆ ನೆಂಟನ ಹೆಸರು ಬರಬಹುದು. ಎರಡನೆಯದಕ್ಕೆ ಅವರ ಸ್ವಂತ ಗಾಡಿ ಹೋಗುವ ಜಾಗದ ಹೆಸರು ಬರುತ್ತದೆ. ಇಬ್ಬರನ್ನು ಕೇಳಿ, ಇಬ್ಬರೂ ಒಂದೇ ಹೆಸರು ಹೇಳಿದರೆ ಯೋಚನೆ ಬೇಡ, ಹೋಗಿ.

ಇನ್ನೊಂದು ದಾರಿ ಸ್ಪೇರ್ಸ್ ಅಂಗಡಿ. ತಾಲ್ಲೂಕು ಕೇಂದ್ರಗಳಲ್ಲೆಲ್ಲ ಟೂ ವೀಲರ್ ಸ್ಪೇರ್ಸ್ ಅಂಗಡಿ ಸಿಗುತ್ತದೆ. ಯಾವ ಮೆಕ್ಯಾನಿಕ್ ಒರಿಜಿನಲ್ ಸಾಮಾನು ಒಯ್ಯುತ್ತಾನೆ, ಯಾರು ಬರೀ ಡೂಪ್ಲಿಕೇಟ್ ಕೇಳುತ್ತಾರೆ ಎಂಬುದು ಕೌಂಟರಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಒಂದು ಕ್ಲಚ್ ಕೇಬಲ್ಲೋ ಪ್ಲಗ್ಗೋ ಖರೀದಿಸಿ, "ಬುಲೆಟ್ ಕೆಲಸ ಯಾರು ಚೆನ್ನಾಗಿ ಮಾಡ್ತಾರೆ?" ಎಂದು ಕೇಳಿದರೆ ಸಾಮಾನ್ಯವಾಗಿ ಸರಿಯಾದ ಉತ್ತರವೇ ಸಿಗುತ್ತದೆ. ಬುಲೆಟ್ ಎಂದೇ ಹೆಸರು ಹಿಡಿದು ಕೇಳಬೇಕು, ಮರೆಯಬೇಡಿ. ಸ್ಪ್ಲೆಂಡರ್‌ನಲ್ಲಿ ಪಳಗಿದ ಕೈ ಬೇರೆ, ಬುಲೆಟ್‌ನಲ್ಲಿ ಪಳಗಿದ ಕೈ ಬೇರೆ. ಮಲೆನಾಡಿನ ತೋಟಗಳಲ್ಲಿ ಹಳೇ ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100 ಇನ್ನೂ ಓಡುತ್ತಿವೆ, ಹಾಗಾಗಿ ಅಲ್ಲಿ ಬುಲೆಟ್ ಬಲ್ಲವರು ಸಿಗುತ್ತಾರೆ. ನಿಮ್ಮ ಗಾಡಿಗೆ ತೊಂದರೆ ಕಡಿಮೆ.

ಈಗ ಗ್ಯಾರೇಜಿನ ಮುಂದೆ ನಿಂತಿದ್ದೀರಿ. ಕೀ ಕೊಡುವ ಮುಂಚೆ ಐದು ನಿಮಿಷ ಸುಮ್ನೆ ನೋಡಿ. ಹೊರಗೆ ನಿಂತ ಗಾಡಿಗಳ ನಂಬರ್ ಪ್ಲೇಟ್ ನೋಡಿ. ಕೆಎ 13 ಅಂದರೆ ಹಾಸನ, ಕೆಎ 18 ಅಂದರೆ ಚಿಕ್ಕಮಗಳೂರು, ಕೆಎ 46 ಸಕಲೇಶಪುರ. ಅಲ್ಲಿಯದೇ ನಂಬರಿನ ದಿನಬಳಕೆ ಗಾಡಿಗಳು ಜಾಸ್ತಿ ಇದ್ದರೆ ಒಳ್ಳೆಯ ಲಕ್ಷಣ. ಧೂಳು ತುಂಬಿ, ಸೀಟಿಲ್ಲದೆ, ಎಂಜಿನ್ ಬಿಚ್ಚಿಟ್ಟ ಗಾಡಿಗಳೇ ಸಾಲಾಗಿದ್ದರೆ, ಅಲ್ಲಿ ಕೆಲಸ ಶುರುವಾಗುತ್ತದೆ, ಮುಗಿಯುವುದಿಲ್ಲ ಎಂದರ್ಥ. ನೆಲ ಕರ್ರಗೆ ಆಯಿಲ್ ಹಿಡಿದಿದೆ ಎಂದು ಮುಖ ತಿರುಗಿಸಬೇಡಿ, ಅದು ನಮ್ಮ ಕಸುಬು. ಬಿಚ್ಚಿದ ಬೋಲ್ಟುಗಳು ಎಲ್ಲಿಗೆ ಹೋಗುತ್ತಿವೆ ಅನ್ನೋದನ್ನ ನೋಡಿ. ಒಂದು ತಟ್ಟೆಗೋ ಡಬ್ಬಿಗೋ ಹಾಕುತ್ತಿದ್ದರೆ ಆತ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವವನು. ಮಣ್ಣಿನ ಮೇಲೆ ಹರಡಿದ್ದರೆ ನಿಮ್ಮ ಗಾಡಿಯ ಒಂದು ವಾಷರ್ ಅಲ್ಲೇ ಉಳಿಯುವುದು ಖಂಡಿತ.

ಕೈ ನೋಡಿ. ಒಳ್ಳೆಯ ಮೆಕ್ಯಾನಿಕ್ ನಟ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ ಕೂರಿಸುತ್ತಾನೆ, ಆಮೇಲೆ ಸ್ಪ್ಯಾನರ್ ಹಿಡಿಯುತ್ತಾನೆ. ಬೆರಳಿನಲ್ಲಿ ಎರಡು ಸುತ್ತು ಸಲೀಸಾಗಿ ಹೋಗದ ನಟ್ಟನ್ನು ನೇರ ಸ್ಪ್ಯಾನರಿನಲ್ಲಿ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ, ಅದೂ ಎಂಜಿನ್ನಿನ ಅಲ್ಯೂಮಿನಿಯಂ ಭಾಗದಲ್ಲಿ ಆದರೆ ಲೇತಿನವರ ಹತ್ತಿರ ಓಡಬೇಕು. ನಟ್ಟಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವವರ ಕೈಗೆ ಗಾಡಿ ಕೊಡಲೇಬೇಡಿ. ಸರಿಯಾದ ಅಳತೆಯ ಸಾಕೆಟ್ ಇದೆಯಾ ನೋಡಿ. ಹಳೇ ಬಾಕ್ಸ್ ಆದರೂ ಪರವಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಿವಿಗೆ ಬೆಲೆ ಕೊಡಿ. ಮೆಕ್ಯಾನಿಕ್ಕಿನ ಕಿವಿಗೆ. ನೀವು ಹೇಳುವುದನ್ನು ಪೂರ್ತಿ ಕೇಳಿ, "ಏನು ಮಾಡುವಾಗ ನಿಂತಿತು? ಬಿಸಿ ಆದಮೇಲಾ? ಮಳೆ ಬಂದಮೇಲಾ? ಅದಕ್ಕೆ ಮುಂಚೆ ಎಲ್ಲಿ ಪೆಟ್ರೋಲ್ ಹಾಕಿಸಿದ್ರಿ?" ಎಂದು ಕೇಳುವವರು ಕಸುಬು ಬಲ್ಲವರು. ಕೀ ಹಾಕುವ ಮುಂಚೆಯೇ "ಕಾಯಿಲ್ ಹೋಗಿದೆ" (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ), "ಕ್ಲಚ್ ಪ್ಲೇಟ್ ಸುಟ್ಟಿದೆ" ಅಂದವರ ಹತ್ತಿರ ನಿಲ್ಲಬೇಡಿ. ಸ್ಟಾರ್ಟ್ ಆಗದ ಗಾಡಿಗೆ ಮೊದಲು ನೋಡಬೇಕಾದದ್ದು ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ ಎಂಜಿನ್ ಆಫ್ ಮಾಡುವ ಗುಂಡಿ), ಪೆಟ್ರೋಲ್, ಫ್ಯೂಸ್, ಬ್ಯಾಟರಿ ಟರ್ಮಿನಲ್, ಸೈಡ್ ಸ್ಟ್ಯಾಂಡ್ ಸ್ವಿಚ್, ಪ್ಲಗ್. ಇವುಗಳನ್ನೆಲ್ಲ ಹತ್ತು ನಿಮಿಷದಲ್ಲಿ ನೋಡಬಹುದು. ಇಷ್ಟನ್ನೂ ದಾಟಿದ ಮೇಲೆ ದೊಡ್ಡ ಮಾತು.

ಒಂದು ಗಾಡಿಯ ಕಥೆ ಹೇಳಿಬಿಡುತ್ತೇನೆ, ಇದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಕೆಲವು ವರ್ಷದ ಹಿಂದೆ ಆಗಸ್ಟಿನಲ್ಲಿ ಒಬ್ಬ ಹುಡುಗ, ಹಿಂದೆ ಅವನ ಹೆಂಡತಿ, ಘಾಟಿ ಕಡೆಯಿಂದ ಬರುತ್ತಿದ್ದರು. ಜೋರು ಮಳೆಗೆ ಗಾಡಿ ನಿಂತುಹೋಯಿತು. ದಾರಿಯಲ್ಲಿ ಸಿಕ್ಕ ಒಬ್ಬರು ಕಾಯಿಲ್ ಹೋಗಿದೆ ಎಂದು ಬದಲಾಯಿಸಿ ಸಾವಿರಾರು ರೂಪಾಯಿ ತೆಗೆದುಕೊಂಡರು. ಆಗ ಮಳೆಯೂ ನಿಂತಿತ್ತು, ಗಾಡಿ ಸ್ಟಾರ್ಟ್ ಆಯಿತು. ಇಪ್ಪತ್ತು ಕಿಲೋಮೀಟರ್ ಬಂದಮೇಲೆ ಮತ್ತೆ ಮಳೆ, ಮತ್ತೆ ಗಾಡಿ ಬಂದ್. ಕತ್ತಲಾಗಿತ್ತು. ಪಿಕಪ್ ಮಾಡಿಕೊಂಡು ನನ್ನ ಹತ್ತಿರ ಬಂದಾಗ ಆ ಹೆಣ್ಣುಮಗಳು ಚಳಿಗೆ ನಡುಗುತ್ತಿದ್ದಳು. ನೋಡಿದರೆ ಪ್ಲಗ್ ಕ್ಯಾಪಿನ ರಬ್ಬರ್ ಸೀಳಿತ್ತು, ಒಳಗೆ ನೀರು. ಒಣಗಿಸಿ ಹೊಸ ಕ್ಯಾಪ್ ಹಾಕಿದೆ, ಅಷ್ಟೇ. ಹಳೇ ಕಾಯಿಲ್ ಸರಿಯಾಗೇ ಇತ್ತೋ ಏನೋ, ಪರೀಕ್ಷೆ ಮಾಡೋಣ ಅಂದರೆ ಅದನ್ನು ಅವರಿಗೆ ವಾಪಸ್ ಕೊಟ್ಟಿರಲಿಲ್ಲ. ಅವತ್ತಿನಿಂದ ನಾನು ಎಲ್ಲರಿಗೂ ಒಂದು ಮಾತು ಒತ್ತಿ ಹೇಳುತ್ತೇನೆ. ಬಿಚ್ಚಿದ ಹಳೇ ಸಾಮಾನು ನಿಮ್ಮದು. ಕೆಲಸ ಶುರುವಾಗುವ ಮುಂಚೆಯೇ "ಹಳೇದು ನನಗೆ ಬೇಕು" ಎಂದು ಹೇಳಿಬಿಡಿ. ಈ ಒಂದು ಮಾತಿಗೆ ಎಷ್ಟೋ ಬೇಡದ ಕೆಲಸ ಅಲ್ಲೇ ನಿಲ್ಲುತ್ತದೆ.

ಪಂಚರ್ ವಿಷಯ ಕೇಳಿದ್ದೀರಿ. ನಿಮ್ಮ ಬುಲೆಟ್ಟಿನದು ಕಡ್ಡಿ ಚಕ್ರ, ಒಳಗೆ ಟ್ಯೂಬ್. ಟ್ಯೂಬ್ ಹೊರಗೆ ತೆಗೆಯುವ ಹೊತ್ತಿಗೆ ನೀವು ಪಕ್ಕದಲ್ಲೇ ಇರಬೇಕು, ಟೀ ಕುಡಿಯಲು ಹೋಗಬೇಡಿ. ಮೊದಲು ಟೈರಿನಲ್ಲಿ ಮೊಳೆ ಎಲ್ಲಿದೆ ಎಂದು ತೋರಿಸಲು ಹೇಳಿ. ಟ್ಯೂಬನ್ನು ನೀರಿನ ತೊಟ್ಟಿಗೆ ಹಾಕಿದಾಗ ಗುಳ್ಳೆ ಎಷ್ಟು ಕಡೆ ಬರುತ್ತದೆ ಎಂದು ನೀವೇ ಎಣಿಸಿ. ಮೊಳೆ ಇರುವ ಕಡೆ ಒಂದು, ಹೆಚ್ಚೆಂದರೆ ಅದರ ಎದುರು ಬದಿಗೆ ಇನ್ನೊಂದು ತೂತು ಬೀಳಬಹುದು. ಗಾಳಿ ಇಲ್ಲದೆ ತುಂಬಾ ದೂರ ಓಡಿಸಿದ್ದರೆ ಮಾತ್ರ ಟ್ಯೂಬ್ ಮಡಚಿ ಹಲವು ಕಡೆ ಹರಿದಿರುತ್ತದೆ. ಮೊಳೆ ಒಂದು ಕಡೆ, ತೂತು ಇನ್ನೊಂದು ಕಡೆ ಸಾಲಾಗಿ ಇದ್ದರೆ ಅದು ದಾರಿಯಲ್ಲಿ ಆದದ್ದಲ್ಲ. ಇದಕ್ಕೆಲ್ಲ ಸುಲಭದ ಪರಿಹಾರ ಒಂದಿದೆ. ನಿಮ್ಮ ಅಳತೆಯ ಒಂದೊಂದು ಹೊಸ ಟ್ಯೂಬ್ ಕಟ್ಟಿಕೊಂಡು ಹೋಗಿ. ಬುಲೆಟ್ ಅಳತೆಯ ಟ್ಯೂಬ್ ಎಲ್ಲಾ ಊರಲ್ಲೂ ಸಿಗುವುದಿಲ್ಲ. ಟ್ಯೂಬ್ ಬದಲಾಯಿಸಿ ಮುಂದೆ ಹೋಗಿ, ಹಳೇದಕ್ಕೆ ಪ್ಯಾಚನ್ನು ನಂಬಿಕೆಯ ಜಾಗದಲ್ಲಿ ಹಾಕಿಸಿ. ಭಾವನವರ ಗಾಡಿ ಟ್ಯೂಬ್‌ಲೆಸ್ ಆಗಿದ್ದರೆ ಒಂದು ಪಂಚರ್ ಕಿಟ್, ಸಣ್ಣ ಪಂಪು ಇಟ್ಟುಕೊಂಡರೆ ಸಾಕು.

ಭಾವನವರ ಗಾಡಿ ಬಗ್ಗೆ ಸ್ವಲ್ಪ ಬೇರೆಯೇ ಹೇಳಬೇಕು. 2020ರ ಏಪ್ರಿಲ್ 1ರಿಂದ ಬಿಎಸ್ 6 ಎಂಬ ಹೊಗೆಯ ನಿಯಮ ಬಂತು, ಅಲ್ಲಿಂದ ಈಚೆಗೆ ಬಹುತೇಕ ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಸೆನ್ಸರ್, ಇಸಿಯು (ಎಂಜಿನ್ ನಡೆಸುವ ಸಣ್ಣ ಕಂಪ್ಯೂಟರ್) ಎಲ್ಲ ಇರುವ ಗಾಡಿಯನ್ನು ಹಳೇ ರೀತಿ ಕಿವಿಯಿಂದ ಮಾತ್ರ ಹಿಡಿಯಲು ಆಗುವುದಿಲ್ಲ. ಟೈರ್, ಬ್ರೇಕ್, ಚೈನ್, ಕೇಬಲ್ ಕೆಲಸ ಯಾರಾದರೂ ಮಾಡಲಿ. ಆದರೆ ಎಂಜಿನ್ ಲೈಟ್ ಹತ್ತಿದ್ದರೆ "ಸ್ಕ್ಯಾನರ್ ಇದೆಯಾ?" ಎಂದು ಕೇಳಿ. ಇಲ್ಲ ಅಂದರೆ ಆ ಕೆಲಸಕ್ಕೆ ಆ ಜಾಗ ಬೇಡ. ವೈರ್ ಕತ್ತರಿಸಿ, ಸುಲಿದು, ನೇರ ಜೋಡಿಸಿ ನೋಡೋಣ ಅನ್ನುವವರನ್ನು ದಯವಿಟ್ಟು ತಡೆಯಿರಿ. ಒಂದು ತಪ್ಪು ಜೋಡಣೆಗೆ ಇಸಿಯು ಹೋದರೆ ಅದರ ಬೆಲೆ ನಿಮ್ಮ ಇಡೀ ಪ್ರವಾಸದ ಖರ್ಚನ್ನು ಮೀರಬಹುದು. ಹಳದಿ ಎಂಜಿನ್ ಲೈಟ್ ಹತ್ತಿಯೂ ಗಾಡಿ ಸರಿಯಾಗೇ ಓಡುತ್ತಿದ್ದರೆ ನಿಧಾನವಾಗಿ ದೊಡ್ಡ ಊರು ತಲುಪಬಹುದು. ಆಯಿಲ್ ಪ್ರೆಶರ್ ಲೈಟ್ ಅಥವಾ ಬಿಸಿ ಜಾಸ್ತಿಯಾದ ಲೈಟ್ ಹತ್ತಿದರೆ ಮಾತ್ರ ಅಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.

ದಾರಿಯಲ್ಲಿ ಎಂಜಿನ್ ಬಿಚ್ಚಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಎಂಜಿನ್ ವಿಷಯದಲ್ಲಿ ಅದು ಅಕ್ಷರಶಃ ನಿಜ. ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿದರೆ ನಡುವೆ ಕೂರುವ ಗ್ಯಾಸ್ಕೆಟ್ ಹೊಸದು ಬೇಕು, ಅದು ಆ ಊರಲ್ಲಿ ಇರುವುದಿಲ್ಲ, ತರಿಸಲು ಎರಡು ದಿನ, ಅಷ್ಟರಲ್ಲಿ ಹಳೇದನ್ನೇ ಅಂಟು ಹಚ್ಚಿ ಕೂರಿಸುತ್ತಾರೆ. ಅದಕ್ಕಿಂತ ಪಿಕಪ್ ಅಥವಾ ಗೂಡ್ಸ್ ಆಟೋ ಹಿಡಿದು ಹಾಸನಕ್ಕೋ ಚಿಕ್ಕಮಗಳೂರಿಗೋ ತನ್ನಿ. ಸಕಲೇಶಪುರದಿಂದ ಹಾಸನ ಸುಮಾರು ನಲವತ್ತು ಕಿಲೋಮೀಟರ್, ಮೂಡಿಗೆರೆಯಿಂದ ಚಿಕ್ಕಮಗಳೂರು ಸುಮಾರು ಮೂವತ್ತು. ಬಾಡಿಗೆ ಕೊಟ್ಟರೂ ಲಾಭವೇ. ನಂಬುವಂಥ ಮೆಕ್ಯಾನಿಕ್ಕಿನ ದೊಡ್ಡ ಗುರುತೂ ಇದೇ. "ಇದು ನನ್ನ ಕೈಲಿ ಆಗಲ್ಲ ಸಾರ್, ಚಿಕ್ಕಮಗಳೂರಿಗೆ ತಗೊಂಡು ಹೋಗಿ" ಎಂದು ಹೇಳುವವರು ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಕೆಲಸಕ್ಕೆ ಅವರ ಹತ್ತಿರವೇ ಹೋಗಬಹುದು. ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದೆಯಾ ಎಂದು ಹೊರಡುವ ಮುಂಚೆಯೇ ನೋಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112.

ನಿಮ್ಮ ದಾರಿಯಲ್ಲಿ ನನಗೆ ಚಿಂತೆ ಇರುವುದು ಒಂದೇ ಭಾಗಕ್ಕೆ, ಕಳಸದಿಂದ ಕಾರ್ಕಳದವರೆಗೆ. ಕುದುರೆಮುಖದಲ್ಲಿ ಗಣಿ ಇದ್ದಾಗ ಊರು ತುಂಬಿ ತುಳುಕುತ್ತಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಈಗ ಅಲ್ಲಿ ಗ್ಯಾರೇಜು ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಮುಂದೆ ಎಸ್.ಕೆ. ಬಾರ್ಡರ್ ದಾಟಿ ಮಾಳ, ಬಜಗೋಳಿ ಕಡೆ ಇಳಿಯುವವರೆಗೂ ರಾಷ್ಟ್ರೀಯ ಉದ್ಯಾನದ ಕಾಡು. ಫೋನಿಗೆ ಸಿಗ್ನಲ್ ಎಲ್ಲಾ ಕಡೆ ಇಲ್ಲ. ಹಾಗಾಗಿ ಕಳಸದಲ್ಲೇ ಅರ್ಧ ಗಂಟೆ ನಿಂತು ಗಾಡಿ ತೋರಿಸಿಕೊಳ್ಳಿ. ಏನೂ ಕೆಟ್ಟಿಲ್ಲದಿದ್ದರೂ ತೋರಿಸಿ. ಚೈನ್ ಮಧ್ಯದಲ್ಲಿ ಬೆರಳಿನಿಂದ ಎತ್ತಿದರೆ ಸುಮಾರು 25ರಿಂದ 30 ಮಿಲಿಮೀಟರ್ ಆಡಬೇಕು, ಮಳೆಯಲ್ಲಿ ಓಡಿದ ಚೈನ್ ಬೇಗ ಸಡಿಲವಾಗುತ್ತದೆ. ಬ್ರೇಕ್ ಪ್ಯಾಡ್, ಟೈರ್ ಗಾಳಿ, ಲೈಟು ನೋಡಿಸಿ. "ಎಂತ ಮಾರಾಯ್ರೆ, ಎಲ್ಲ ಸರಿ ಉಂಟಲ್ಲ" ಎಂದು ಅವರು ನಕ್ಕು ಕಳಿಸಬಹುದು. ಆಗ ನೋಡಿದ್ದಕ್ಕೆ ಬಲವಂತ ಮಾಡಿಯಾದರೂ ಸ್ವಲ್ಪ ದುಡ್ಡು ಕೊಡಿ, ಅವರ ಫೋನ್ ನಂಬರ್ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಎರಡನೇ, ಮೂರನೇ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಒತ್ತಿಹಿಡಿದೇ ಇಳಿದರೆ ಬ್ರೇಕ್ ಬಿಸಿಯಾಗಿ ಹಿಡಿತ ಬಿಡುತ್ತದೆ.

ಹಣದ ಮಾತು ಮೊದಲೇ ಆಗಲಿ. ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು, ಬೇರೆ ಬೇರೆ ಕೇಳಿ. ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆಯಲಿ, ಎಂಆರ್‌ಪಿ ಓದಿ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಕೇಬಲ್, ಈ ಮೂರರಲ್ಲಿ ಡೂಪ್ಲಿಕೇಟ್ ಜಾಸ್ತಿ, ಸಾಧ್ಯವಾದರೆ ನೀವೇ ಅಂಗಡಿಗೆ ಹೋಗಿ ತನ್ನಿ. ಬುಲೆಟ್ಟಿಗೆ 15ಡಬ್ಲ್ಯೂ 50 ಆಯಿಲ್, ಅದನ್ನು ಒಂದು ಲೀಟರ್ ಜೊತೆಗೇ ಇಟ್ಟುಕೊಳ್ಳಿ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಪ್ಲಗ್, ಫ್ಯೂಸ್, ಚೈನ್ ಲಾಕ್ ಕೂಡ. ಇಷ್ಟು ನಿಮ್ಮ ಬ್ಯಾಗಿನಲ್ಲಿದ್ದರೆ ಹಳ್ಳಿಯ ಸಣ್ಣ ಗ್ಯಾರೇಜೂ ನಿಮ್ಮ ಕೆಲಸಕ್ಕೆ ಸಾಕಾಗುತ್ತದೆ. ಆದರೆ ಕೂಲಿಗೆ ಚೌಕಾಸಿ ಮಾಡಬೇಡಿ, ಇದು ನನ್ನ ಕಳಕಳಿಯ ಮಾತು. ಊಟ ಬಿಟ್ಟು, ಸ್ಥಳೀಯರ ಮೂರು ಗಾಡಿ ಪಕ್ಕಕ್ಕೆ ಇಟ್ಟು, ದೂರ ಹೋಗಬೇಕಾದವರು ಎಂದು ನಿಮ್ಮದನ್ನು ಮೊದಲು ಹಿಡಿಯುವವರು ನಮ್ಮ ಕಡೆ ತುಂಬಾ ಇದ್ದಾರೆ. ಕೆಲಸಕ್ಕೆ ಸರಿಯಾಗಿ ಕೊಡಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ, ಕೈಯಲ್ಲಿ ನಗದು ಇರಲಿ. ಭಾನುವಾರ ಎಷ್ಟೋ ಕಡೆ ಸ್ಪೇರ್ಸ್ ಅಂಗಡಿ ಮುಚ್ಚಿರುತ್ತದೆ, ಆಯುಧಪೂಜೆಯ ಆಸುಪಾಸಿನಲ್ಲಿ ಹೊರಡುವುದಾದರೆ ಗ್ಯಾರೇಜುಗಳೂ ಸಿಗುವುದು ಕಷ್ಟ.

ಕೊನೆಯದಾಗಿ, ರಾತ್ರಿ ಗಾಡಿ ಬಿಡಬಹುದಾ ಎಂದು ಕೇಳಿದ್ದೀರಿ. ಒಳಗೆ ಹಾಕಿ ಶಟರ್ ಎಳೆಯುವ ಜಾಗ ಇದ್ದರೆ ಬಿಡಬಹುದು. ರಸ್ತೆ ಬದಿ ನಿಲ್ಲಿಸುವ ಗ್ಯಾರೇಜಾದರೆ ಬೇಡ, ಲಾಡ್ಜಿಗೆ ತಳ್ಳಿಕೊಂಡು ಹೋಗಿ ಬೆಳಿಗ್ಗೆ ತನ್ನಿ. ಬಿಡುವ ಮುಂಚೆ ಕಿಲೋಮೀಟರ್ ಮೀಟರ್, ಪೆಟ್ರೋಲ್ ಮಟ್ಟ, ನಾಲ್ಕೂ ಕಡೆಯಿಂದ ಗಾಡಿ, ಇವುಗಳ ಫೋಟೋ ತೆಗೆದುಕೊಳ್ಳಿ. ಮುಚ್ಚಿಟ್ಟು ತೆಗೆಯಬೇಡಿ, "ಒಂದು ಫೋಟೋ ತಗೋತೀನಿ ಅಣ್ಣಾ" ಎಂದು ಹೇಳಿಯೇ ತೆಗೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬ್ಯಾಗು, ಆರ್‌ಸಿ, ಇನ್ಶೂರೆನ್ಸ್ ಕಾಗದ, ಟೂಲ್ ಕಿಟ್ ನಿಮ್ಮ ಜೊತೆಯೇ ಇರಲಿ. ಏನೇನು ಕೆಲಸ ಮಾಡಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ, ಅದಕ್ಕಿಂತ ಜಾಸ್ತಿ ಏನಾದರೂ ಕಂಡರೆ ಬಿಚ್ಚುವ ಮುಂಚೆ ಫೋನ್ ಮಾಡಲು ಹೇಳಿ. ಬೆಳಿಗ್ಗೆ ಗಾಡಿ ತೆಗೆದುಕೊಂಡ ಮೇಲೆ ನೇರ ಘಾಟಿಗೆ ಇಳಿಯಬೇಡಿ. ಊರೊಳಗೇ ನಾಲ್ಕೈದು ಕಿಲೋಮೀಟರ್ ಓಡಿಸಿ, ಬ್ರೇಕ್ ಎರಡೂ ಹಿಡಿದು ನೋಡಿ, ನಿಲ್ಲಿಸಿ ಕೆಳಗೆ ಆಯಿಲ್ ಸೋರುತ್ತಿದೆಯಾ ನೋಡಿ, ಚಕ್ರದ ನಟ್ಟು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಅನುಮಾನ ಬಂದರೆ ಗ್ಯಾರೇಜು ಇನ್ನೂ ಹತ್ತಿರವೇ ಇರುತ್ತದೆ, ತಿರುಗಿಸಿಕೊಂಡು ಹೋಗಿ ತೋರಿಸಿ.